ಮಾರ್ಬಲ್ ನಂಜಪ್ಪನ ನಡುಮನೆ

“ಒಳಕ್ಕೆ ಬ್ಯಾಡ ಕಣ್ರಪ್ಪಾ, ಅಲ್ಲೇ ಜಗಲಿ ಮ್ಯಾಲೆ ಇಳಿಸಿ!”

ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ಸರ್ವಮಂಗಳ ನಿಂತುಬಿಟ್ಟಳು. ಹಿತ್ತಿಲ ಶೀಟಿನ ಕೋಣೆಯಿಂದ ನಂಜಪ್ಪನ ಹೆಣ ಹೊತ್ತು ತಂದ ನಾಲ್ವರು ಮುಖ ಮುಖ ನೋಡಿಕೊಂಡರು. ಹಿಂದೆಯೇ ಬಂದ ಪುಟ್ಟತಾಯಮ್ಮನಿಗೆ ಓರಗಿತ್ತಿಯ ಮಾತು ಮೊದಲು ಅರ್ಥವೇ ಆಗಲಿಲ್ಲ. ದುದ್ದ ಊರಿನ ಆ ವಂಶದಲ್ಲಿ ಸತ್ತ ಹಿರಿಯರೆಲ್ಲ ನಡುಮನೆಯಲ್ಲೇ ಮಲಗಿ, ಅಲ್ಲಿಂದಲೇ ಹೊರಟವರು. ಅವಳ ಗಂಡ ನಂಜಪ್ಪನೋ ಈ ಮನೆಯ ಹಿರೀಮಗ.

“ಯಾಕವ್ವಾ ಮಂಗ್ಳಾ? ನಡುಮನೇಲಿ ಒಂದ್ಗಳಿಗೆ ಮಲಗ್ಸಾನ. ಆಮ್ಯಾಕೆ ಅವ್ರೇನು ತಿರುಗಿ ಬತ್ತಾರಾ?”

“ಬ್ಯಾಡ ಅಂತಲ್ಲಕ್ಕಾ. ಅರಿಶ್ನದ ನೀರು ಉಯ್ದು ತಂದಿದ್ದೀರಿ. ಮಾರ್ಬಲ್ಲಿಗೆ ಅರಿಶ್ನ ತಾಗ್ಸಬ್ಯಾಡ, ಕಲ್ಲು ಕುಡ್ದುಬುಡ್ತದೆ ಅಂತ ಬಾವನೇ ಯೋಳಿದ್ರಲ್ಲ!”

ಅಯ್ಯೋ ಶಿವನೇ, ಸತ್ತವನ ಮಾತನ್ನೇ ಸತ್ತವನಿಗೆ ಅಡ್ಡ ಹಿಡಿಯುವುದೆಂದರೆ! ಪುಟ್ಟತಾಯಮ್ಮ ಮೈದುನನ ಕಡೆ ನೋಡಿದಳು. ಚನ್ನೇಗೌಡ ಶಾಮಿಯಾನದ ಹಗ್ಗ ಬಿಗಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡ. ಹೆಣ ಜಗಲಿಯ ಸಿಮೆಂಟಿನ ಮೇಲೆ ಇಳಿಯಿತು.

*

ಹಾಸನದ ಕಂಟ್ರಾಕ್ಟರನೊಬ್ಬ ಮಾರ್ಬಲ್ ಕೆಲಸಕ್ಕೆ ಬಾ ಎಂದದ್ದು ತೊಂಬತ್ತೆರಡರಲ್ಲಿ. ಅವತ್ತು ನಂಜಪ್ಪ ನಗುತ್ತಲೇ ಮನೆಗೆ ಬಂದಿದ್ದ.

“ಮಾರ್ಬಲ್ ಅಂದ್ರೆ ಗೋಲಿ ಅಂತ ಇಸ್ಕೂಲಲ್ಲಿ ಮೇಷ್ಟ್ರು ಯೋಳ್ಕೊಟ್ಟಿದ್ರು ಕಣೇ. ಈ ವಯಸ್ನಾಗೆ ಗೋಲಿ ಆಡಾಕೆ ಕರೀತಾವ್ನಾ ಅನ್ಕಂಡೆ!”

ಅದು ನೆಲಕ್ಕೆ ಹಾಸುವ ಕಲ್ಲು, ಪುಸ್ತಕದ ಕನ್ನಡದಲ್ಲಿ ಅಮೃತಶಿಲೆ ಎಂದು ಆಮೇಲೆ ತಿಳಿಯಿತು. “ಅಂಗಾರೆ ಅದ್ರ ಧೂಳು ಕುಡ್ದೋರು ಸಾಯೋದೇ ಇಲ್ವೇನೋ” ಎಂದು ಪುಟ್ಟತಾಯಮ್ಮ ಛೇಡಿಸಿದ್ದಳು. ಎಂಥ ಬಾಯಿ ನನ್ನದು ಎಂದು ಆಮೇಲೆ ಎಷ್ಟು ಸಲ ಹಳಿದುಕೊಂಡಳೋ.

ಹತ್ತು ವರ್ಷ ಅವನು ಕಂಡವರ ಮನೆಗೆ ಕಲ್ಲು ಕೊಯ್ದ, ಕೂರಿಸಿದ, ಮುಖ ಕಾಣುವ ಹಾಗೆ ಉಜ್ಜಿದ. ಮಾರ್ಬಲ್ ನಂಜಪ್ಪ ಎಂದರೆ ಅರಕಲಗೂಡು, ಚನ್ನರಾಯಪಟ್ಟಣದವರೆಗೂ ಗೊತ್ತು. ತಮ್ಮ ಚನ್ನೇಗೌಡ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದಾಗ ನಡುಮನೆಯ ನೆಲಕ್ಕೆ ಅವನೇ ಕೂತ. ಅಷ್ಟರಲ್ಲಿ ಕೆಮ್ಮು ಹತ್ತಿತ್ತು. ಎರಡು ಕಲ್ಲು ಕೂರಿಸುವಷ್ಟರಲ್ಲಿ ಗೋಡೆಗೊರಗಿ ಉಸಿರು ಎಳೆಯುತ್ತಿದ್ದ.

“ಸಾಕು ಬುಡಿ, ಬ್ಯಾರೇರು ಮಾಡ್ಲಿ” ಎಂದಳು ಪುಟ್ಟತಾಯಮ್ಮ.

“ನಮ್ಮನೆ ಕಣೇ ಇದು. ನಾಳೆ ಸತ್ರೆ ನನ್ನ ಮಲಗ್ಸೋದು ಇದ್ರ ಮ್ಯಾಲೇ ತಾನೆ? ತಣ್ಣಗಿರ್ತದೆ.”

ಗೃಹಪ್ರವೇಶ ಮುಗಿದ ವಾರಕ್ಕೇ ಗಂಡ ಹೆಂಡತಿಗೆ ಹಿತ್ತಿಲ ಕೋಣೆ ಗೊತ್ತುಮಾಡಿದರು. ಕೆಮ್ಮುವವರು ಒಳಗಿದ್ದರೆ ಮಕ್ಕಳಿಗೆ ತಾಗುತ್ತದಂತೆ! ಇದು ಕಲ್ಲಿನ ಧೂಳು, ಅಂಟುರೋಗವಲ್ಲ ಎಂದು ಹಾಸನದ ಡಾಕ್ಟರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

*

ನಂಜಪ್ಪನ ಜೊತೆ ಕೆಲಸ ಮಾಡಿದ್ದ ದ್ಯಾವಯ್ಯ ಮಧ್ಯಾಹ್ನ ಕಟ್ಟಾಯದಿಂದ ಬಂದ. ಹಾರ ಹಾಕಿ, ಜಗಲಿಯನ್ನೂ ಬಾಗಿಲನ್ನೂ ನೋಡಿದ.

“ಇದೇನು ಗೌಡ್ರೇ, ನೆಲ ಆಕ್ದೋನ್ನೇ ಬಾಗ್ಲಾಚೆ ಮಲಗ್ಸಿದ್ದೀರಾ?”

ಚನ್ನೇಗೌಡನ ಮುಖ ಕಪ್ಪಿಟ್ಟಿತು. ಎಲ್ಲರಿಗೂ ಕೇಳುವ ಹಾಗೆ ಅತ್ತಿಗೆಗೆ ಹೇಳಿದ: “ಅತ್ಗೆ, ಸಮಾಧಿಗೆ ಮಾರ್ಬಲ್ಲೇ ಆಕಿಸ್ತೀನಿ. ಅಣ್ಣನ ಎಸ್ರು ಕೆತ್ತಿಸ್ತೀನಿ.”

ಪುಟ್ಟತಾಯಮ್ಮ ಹೆಣದ ಪಕ್ಕದಿಂದ ತಲೆ ಎತ್ತಿದಳು. “ಮೊದ್ಲು ಗೋಲಿ ಅಂದ್ರು, ಆಮ್ಯಾಕೆ ನೆಲ ಅಂದ್ರು, ಈಗ ಗೋರಿಕಲ್ಲಾ? ಬ್ಯಾಡ ಕಣಪ್ಪಾ. ಅವ್ರ ಎದೆ ಒಳಗೆ ತುಂಬ್ಕಂಡಿರೋದೇ ಸಾಕು. ಮ್ಯಾಲೆ ಬರೀ ಮಣ್ಣಿರ್ಲಿ.”

ಚಟ್ಟ ಏಳುವ ಮುಂಚೆ ಹೆಂಗಸರು ಅವಳ ಕೆನ್ನೆಗೆ, ಕೈಗೆ ಕಡೆಯ ಸಲ ಅರಿಶಿನ ಬಳಿದು, ಹಣೆ ತುಂಬ ಕುಂಕುಮ ಇಟ್ಟರು. ತಮಟೆ ಸದ್ದು ತೋಟದ ಕಡೆ ಹೊರಟಿತು. ಜಗಲಿ ತೊಳೆಯಲು ಸರ್ವಮಂಗಳ ನೀರಿಗೆ ಹೋದಳು.

ಪುಟ್ಟತಾಯಮ್ಮ ಎದ್ದಳು. ಬಟ್ಟಲಲ್ಲಿ ಉಳಿದಿದ್ದ ಕಲಸಿದ ಅರಿಶಿನಕ್ಕೆ ಎರಡೂ ಅಂಗೈ ಅದ್ದಿ, ಹೊಸ್ತಿಲು ದಾಟಿ, ನಡುಮನೆಯ ನಟ್ಟನಡುವೆ ಮಂಡಿಯೂರಿದಳು. ನೆಲ ಅವನು ಹೇಳಿದ ಹಾಗೇ ತಣ್ಣಗಿತ್ತು. ಕುಡೀಲಿ, ಚೆನ್ನಾಗಿ ಕುಡೀಲಿ ಎಂದುಕೊಂಡು ಎರಡೂ ಕೈ ಒತ್ತಿ ಊರಿ ಹಾಗೇ ಕೂತಳು.

“ಅಯ್ಯಯ್ಯೋ, ಮನೆ ಆಳ್ಮಾಡ್ಬುಟ್ಟಲ್ಲಕ್ಕಾ!”

ಸರ್ವಮಂಗಳ ಬಕೆಟ್ಟು ಕುಕ್ಕಿ, ಹಿಡಿ ತುಂಬ ಸೋಪಿನ ಪುಡಿ ಸುರಿದು, ಬ್ರಷ್ಷಿನಿಂದ ಗಸಗಸ ಉಜ್ಜಿದಳು. ನೊರೆ ಎದ್ದಿತು. ನೀರು ಹೊಯ್ದಳು. ಹಳದಿ ಕೈಯಚ್ಚುಗಳೆರಡೂ ಹೋಗಿರಲಿಲ್ಲ. ಸುಣ್ಣ ತಾಗಿದ ಅರಿಶಿನದ ಹಾಗೆ ಸೋಪು ತಾಗಿ ಬಿಳಿ ಕಲ್ಲಿನ ಮೇಲೆ ಕೆಂಪಗಾಗಿದ್ದವು. ಉಜ್ಜಿದಷ್ಟೂ ಕೆಂಪಗೆ, ಕುಂಕುಮದಷ್ಟು ಕೆಂಪಗೆ ಆಗುತ್ತಿದ್ದವು.