ತವರಿನ ವಿರುದ್ಧ ಒಂದು ಗೋಲು

ಬಸ್ಸಿನಿಂದ ಇಳಿದ ಕಿರಿಲ್ ಚೀಲ ಹೆಗಲಿಗೇರಿಸಿ ನೆಟ್ಟಗೆ ನಡೆದು, ಎಡಗಡೆಯ ಬಾಗಿಲು ತಳ್ಳಿ, ಮೂಲೆಯ ಬೆಂಚಿನ ಮೇಲೆ ಕೂತು ಶೂ ಬಿಚ್ಚತೊಡಗಿದ. ತಲೆಯೆತ್ತಿದರೆ ಸುತ್ತಲೂ ಕೆಂಪು-ಹಳದಿ ಅಂಗಿಗಳು! ಅದು ಅವನನ್ನು ಬೆಳೆಸಿದ ಬಿಸ್ತ್ರಾ ಕ್ಲಬ್ಬಿನವರ ಕೋಣೆ. ಅವನು ಈಗ ಆಡುವುದು ಸಿಡ್ನಿಯ ದೊಡ್ಡ ವೃತ್ತಿಪರ ಫುಟ್ಬಾಲ್ ತಂಡಕ್ಕೆ. ಇವತ್ತು ಬಂದದ್ದೇ ಬಿಸ್ತ್ರಾವನ್ನು ಸೋಲಿಸಿ ಕಪ್ ಪಂದ್ಯಾವಳಿಯಿಂದ ಹೊರಗಟ್ಟಲು.

"ಏನೋ, ತವರುಮನೆಗೆ ಬಾಣಂತನಕ್ಕೆ ಬಂದ್ಯಾ?" ಎಂದ ತೋಮೆ. ಬಿಸ್ತ್ರಾದ ನಾಯಕ, ಹಗಲು ಹೊತ್ತು ನಲ್ಲಿ ರಿಪೇರಿ ಮಾಡುವವನು, ಕಿರಿಲ್‌ನ ಜೊತೆಗೇ ಇದೇ ಮೈದಾನದಲ್ಲಿ ಬೆಳೆದವನು. ಕೋಣೆಯೆಲ್ಲ ಗೊಳ್ಳೆಂದಿತು.

"ಅಭ್ಯಾಸ ಬಲ ಕಣೋ."

"ಕೂತಿದ್ದೀಯಲ್ಲ, ನಮ್ಮ ಅಂಗೀನೇ ಹಾಕ್ಕೊಂಬಿಡು. ನಿಮ್ಮ ತಂಡದಲ್ಲಿ ಒಬ್ಬ ಮುದುಕ ಕಮ್ಮಿ ಆಗ್ತಾನೆ."

"ಈ ಮುದುಕನ ಹಿಂದೆ ಓಡಿ ನೋಡು ಇವತ್ತು. ನಾಳೆ ನಲ್ಲಿ ಹತ್ರ ಬಗ್ಗೋಕೂ ಆಗಲ್ಲ ನಿಂಗೆ."

ಮೂವತ್ತಮೂರರ ಕಿರಿಲ್‌ಗೆ ಈ ಧಿಮಾಕು ಪುಕ್ಕಟೆ ಬಂದದ್ದಲ್ಲ. ಹದಿನೆಂಟಕ್ಕೆ ಈ ಪೋರ್ಟ್ ಕೆಂಬ್ಲಾ ಊರು ಬಿಟ್ಟು ಬೆಲ್ಜಿಯಂಗೆ ಹೋಗಿ ಚಳಿಗಾಲವಿಡೀ ಬೆಂಚು ಕಾದಿದ್ದ. ಕ್ರೊಯೇಷಿಯಾದಲ್ಲಿ ಒದೆ ತಿಂದೂ ತಿಂದೂ ಗಟ್ಟಿಯಾಗಿದ್ದ. ಮರಳಿ ಬಂದವನು ಆಸ್ಟ್ರೇಲಿಯಾದ ಎ-ಲೀಗಿನಲ್ಲಿ ಮಿಡ್‌ಫೀಲ್ಡಿನ ಯಜಮಾನನೇ ಆದ. ದೇಶದ ಹಳದಿ ಅಂಗಿ ತೊಟ್ಟದ್ದು ಒಂದೇ ಸಲ, ಆ ಒಂದು ಸಲವನ್ನು ಯಾರೂ ಕಿತ್ತುಕೊಳ್ಳಲಾರರು. ಅವನಲ್ಲಿ ವೇಗ ಎಂದೂ ಇರಲಿಲ್ಲ, ಇದ್ದದ್ದು ಕತ್ತು. ಚೆಂಡು ಕಾಲಿಗೆ ಬರುವ ಮೊದಲೇ ಹಿಂತಿರುಗಿ ನೋಡಿ ಯಾರು ಎಲ್ಲಿದ್ದಾರೆಂದು ತಿಳಿದಿಟ್ಟುಕೊಂಡಿರುತ್ತಿದ್ದ. ಅದನ್ನು ಕಲಿಸಿದ್ದು ಯುರೋಪಿನ ಯಾವ ಕೋಚೂ ಅಲ್ಲ, ಅವನಪ್ಪ ಸ್ಪಾಸೆ. ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಇದೇ ಮೈದಾನದ ಗೋಲಿನ ಹಿಂದೆ ಕೆಂಡದೊಲೆಯ ಮೇಲೆ ಬೆರಳುದ್ದದ ಮಾಂಸದ ಕೆಬಾಪಿ ಸುಡುತ್ತಾ, ಮಗ ಚೆಂಡಿಗೆ ಕಾಯುವಾಗಲೆಲ್ಲ "ಹಿಂದೆ ನೋಡೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

ಬರುವಾಗ ಬಸ್ಸಿನಲ್ಲಿ ಕೋಚ್ ಪಕ್ಕಕ್ಕೆ ಬಂದು ಕೂತು ಸುತ್ತುಬಳಸದೆ ಹೇಳಿದ್ದ. "ನಿಂಗೆ ಮುಂದಿನ ವರ್ಷದ ಒಪ್ಪಂದ ಕೊಡೋದೋ ಬೇಡ್ವೋ ಅಂತ ನಾನು ನಾಳೆ ಹೇಳ್ಬೇಕು. ಹಗಲೆಲ್ಲ ದುಡಿದು ಸಂಜೆ ಆಡೋರ ಎದುರಲ್ಲೇ ನೀನು ಸುಸ್ತಾದ್ರೆ ಏನಂತ ಹೇಳ್ಲಿ?" ಕಿರಿಲ್ ನಕ್ಕಿದ್ದ. ಸುಸ್ತಿನ ಚಿಂತೆ ಅವನಿಗಿರಲಿಲ್ಲ.

ಚಿಂತೆ ಇದ್ದದ್ದು ಅಪ್ಪನದು. ಬಿಸ್ತ್ರಾ ಈ ಪಂದ್ಯಾವಳಿಯಲ್ಲಿ ಇಷ್ಟು ದೂರ ಬಂದದ್ದು ಇದೇ ಮೊದಲು. ಯಾರ ಕಡೆ ನೀನು ಎಂದು ಹಿಂದಿನ ದಿನ ಫೋನಿನಲ್ಲಿ ಅಪ್ಪನನ್ನು ಕೇಳಿದ್ದ. ಸ್ಪಾಸೆ ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯಲ್ಲ.

"ಕ್ಲಬ್ಬಿನ ಕಡೆ. ನೀನು ಹುಟ್ಟೋಕೆ ಮುಂಚೆಯಿಂದ ಆ ಒಲೆ ಮುಂದೆ ನಿಂತಿದ್ದೀನಿ. ಆಟ ಮುಗಿದ್ಮೇಲೆ ಊಟಕ್ಕೆ ಬಾ, ಆಗ ನಿನ್ನ ಕಡೆ."

ಆಟ ಶುರುವಾಯಿತು. ಕಿರಿಲ್ ಎಂದಿನಂತೆ ಹಿಂತಿರುಗಿ ನೋಡುತ್ತಿದ್ದ. ಆದರೆ ಕಂಡದ್ದು ಆಟಗಾರರಲ್ಲ. ಹೊಗೆಯ ನಡುವೆ ಅಪ್ಪನ ಕೆಂಪು-ಹಳದಿ ಶಾಲು, ಬೇಲಿಗೆ ಒರಗಿದ ಕಾರ್ಖಾನೆಯ ಹಳಬರು, ತನಗೆ ಮೊದಲ ಬೂಟು ಕೊಡಿಸಿದವರು. ಇವರ ಕಪ್ ಓಟ ನನ್ನಿಂದಲೇ ಮುಗಿಯಬೇಕೇ ಅನ್ನಿಸಿತು. ಮುಂದಕ್ಕೆ ಕೊಡಬೇಕಾದ ಚೆಂಡನ್ನು ಹಿಂದಕ್ಕೆ ಕೊಟ್ಟ. ತೋಮೆ ನುಗ್ಗಿ ಬಂದರೆ ಕಾಲು ಎಳೆದುಕೊಂಡ. ಅದೇ ತೋಮೆ ಎಲ್ಲರಿಗಿಂತ ಎತ್ತರ ಹಾರಿ ತಲೆಯಿಂದ ಗೋಲು ಹೊಡೆದ. ಬಿಸ್ತ್ರಾದವರ ಡೋಲುಗಳು ಮೊಳಗತೊಡಗಿದವು.

ವಿರಾಮದಲ್ಲಿ ಕೋಚ್ ಹೆಚ್ಚು ಮಾತಾಡಲಿಲ್ಲ. "ಇನ್ನೊಂದು ಹತ್ತು ನಿಮಿಷ ನೋಡ್ತೀನಿ. ಆಮೇಲೆ ಬೆಂಚು."

ಮತ್ತೆ ಮೈದಾನಕ್ಕಿಳಿಯುವ ದಾರಿ ಒಲೆಯ ಪಕ್ಕದಲ್ಲೇ ಹಾಯುತ್ತಿತ್ತು. ಸ್ಪಾಸೆ ಇಕ್ಕಳ ಹಿಡಿದುಕೊಂಡೇ ಬೇಲಿಯ ಹತ್ತಿರ ಬಂದ.

"ಬಾ ಇಲ್ಲಿ. ಕಾಲು ನೋವಾ?"

"ಇಲ್ಲಪ್ಪ."

"ಮತ್ತೆ ತೋಮೆ ಬಂದ್ರೆ ಮದುವೆ ಮನೇಲಿ ದಾರಿ ಬಿಡೋ ಥರ ಸರೀತೀಯಲ್ಲೋ! ನಮಗೆ ಭಿಕ್ಷೆ ಹಾಕ್ತಿದ್ದೀಯಾ?"

"ನಿಮ್ಮ ಕ್ಲಬ್ಬು ಗೆಲ್ಲಲಿ ಅಂತ ಅಲ್ವಾ ನಿನ್ನ ಆಸೆ?"

"ಗೆಲ್ಲಲಿ ಅಂತಾನೇ. ಕಿರಿಲ್ ಮೇಲೆ ಗೆಲ್ಲಲಿ. ಇಲ್ಲಿ ಆಡ್ತಿರೋನು ಯಾರೋ ನಂಗೆ ಗೊತ್ತಿಲ್ಲ. ಅವನನ್ನ ಸೋಲಿಸಿ ನಾವೇನು ಕಿಸಿದ ಹಾಗಾಯ್ತು? ಹೋಗು, ಹಿಂದೆ ನೋಡು. ನನ್ನ ನೋಡ್ಬೇಡ, ಮಂಕೇ, ಆಟ ನೋಡು!"

ಕಿರಿಲ್‌ನ ಕಿವಿ ಕೆಂಪಾಯಿತು. ಮಕ್ಕಳಿಗೆ ಬೈದ ಹಾಗೆ ಬೈಸಿಕೊಂಡದ್ದು ಎಷ್ಟು ಹಿತವಾಗಿತ್ತೆಂದರೆ ನಗು ತಡೆಯಲಾಗಲಿಲ್ಲ.

ಆಮೇಲೆ ಅವನದೇ ಆಟ. ತೋಮೆಯ ಕಾಲಿನಿಂದ ಚೆಂಡನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ. ಕತ್ತು ತಿರುಗಿಸಿದರೆ ಈಗ ಕಂಡದ್ದು ಖಾಲಿ ಜಾಗ, ಓಡುವ ಜೊತೆಗಾರ, ಇಬ್ಬರ ನಡುವಿನ ಸಂದು. ಆ ಸಂದಿಯಲ್ಲಿ ಚೆಂಡು ತೂರಿಸಿದ. ಜೊತೆಗಾರ ಗೋಲು ಹೊಡೆದು ಸಮ ಮಾಡಿದ. ಹತ್ತು ನಿಮಿಷ ಕಳೆದದ್ದನ್ನು ಕೋಚ್ ಮರೆತೇಬಿಟ್ಟ. ಬಿಸ್ತ್ರಾದವರೇನೂ ಕೈಕಟ್ಟಿ ನಿಲ್ಲಲಿಲ್ಲ. ಅವರ ಒಂದು ಹೊಡೆತ ಕಂಬಕ್ಕೆ ಬಡಿದು ಹಿಂದೆ ಬಂತು. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಚೆಂಡು ಕಿರಿಲ್‌ನ ಕಡೆ ಉರುಳಿತು. ಒಮ್ಮೆ ಹಿಂದೆ ನೋಡಿದ. ತೋಮೆ ಬಲಗಡೆಯಿಂದ ಬರುತ್ತಿದ್ದ. ಎಡಕ್ಕೆ ಹೊರಳಿ, ದೂರದಿಂದಲೇ ಬಾರಿಸಿದ. ಬಲೆ ಉಬ್ಬಿತು.

ಬೆಳೆಸಿದ ಕ್ಲಬ್ಬಿಗೆ ಗೋಲು ಹೊಡೆದವನು ಸಂಭ್ರಮಿಸಬಾರದೆಂಬುದು ರಿವಾಜು. ಕಿರಿಲ್ ಕ್ಷಮೆ ಕೇಳುವಂತೆ ಎರಡೂ ಕೈ ಮೇಲೆತ್ತಿ ನಿಂತ. ಮೈದಾನದ ಸುತ್ತ ಸಾವಿನ ಮನೆಯ ಮೌನ.

ಆ ಮೌನದಲ್ಲಿ ಒಂದೇ ಒಂದು ಗಂಟಲು ಹರಿಯಿತು. "ಗೋಲ್! ನನ್ ಮಗ! ನನ್ ಮಗ ಕಣ್ರೋ!"

ಕತ್ತಿಗೆ ಬಿಸ್ತ್ರಾದ ಶಾಲು ಸುತ್ತಿಕೊಂಡ ಸ್ಪಾಸೆ, ಇಕ್ಕಳ ಆಕಾಶಕ್ಕೆತ್ತಿ ಒಲೆಯ ಹಿಂದೆ ಕುಣಿಯುತ್ತಿದ್ದ. ಕಾರ್ಖಾನೆಯ ಹಳಬರೆಲ್ಲ ತಿರುಗಿ ಕೆಕ್ಕರಿಸಿದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಕೊನೆಯ ಸೀಟಿ ಕೇಳಿಸಿತು. ತೋಮೆ ಹುಲ್ಲಿನ ಮೇಲೆ ಅಂಗಾತ ಬಿದ್ದು, "ನಾಳೆ ಕೆಲಸಕ್ಕೆ ರಜ ಕಣೋ ಮುದುಕ" ಎಂದ. ಕೋಚ್ ಹೆಗಲು ತಟ್ಟಿ, "ನಾಳೆ ಬಂದು ಸಹಿ ಹಾಕು" ಎಂದಷ್ಟೇ ಹೇಳಿ ಬಸ್ಸಿನ ಕಡೆ ಹೋದ. ಕಿರಿಲ್ ಒಲೆಯ ಕಡೆ ನಡೆದ.

ಸ್ಪಾಸೆ ತಟ್ಟೆ ಮುಂದಕ್ಕೆ ತಳ್ಳಿದ. ಕೆಬಾಪಿ ಇದ್ದಿಲಾಗಿದ್ದವು.

"ಇಷ್ಟು ವರ್ಷದಲ್ಲಿ ಒಂದೂ ಸೀಯಿಸಿರ್ಲಿಲ್ಲ ನಾನು. ನಿನ್ನಿಂದಾಗಿದ್ದು, ನೀನೇ ತಿನ್ನು."

ಕಿರಿಲ್ ಒಂದನ್ನು ಕಚ್ಚಿದ. ಕರಕಲು ಕಹಿ. "ಚೆನ್ನಾಗಿದೆ" ಎಂದ.

"ಸೋತ್ವಲ್ಲೋ" ಎಂದ ಸ್ಪಾಸೆ. ಬೇಲಿಯ ಮೇಲಿಂದ ಬಾಗಿ, ಮಸಿಗೈಯಲ್ಲೇ ಮಗನ ತಲೆ ಹಿಡಿದು ಹಣೆಗೆ ಮುತ್ತಿಟ್ಟ. ಕಿರಿಲ್ ತಟ್ಟೆಯಲ್ಲಿ ಒಂದನ್ನೂ ಬಿಡಲಿಲ್ಲ.