ಇಪ್ಪತ್ತೊಂದನೇ ದಿನದ ನೋವು

ಬಲಗಡೆ ಕಿಬ್ಬೊಟ್ಟೆಯಲ್ಲಿ ಚಳಕು ಹೊಡೆದಾಗ ವಸುಧಾ ಅಮೆರಿಕದ ಕ್ಯಾಂಟನ್ ಊರಿನ ತಮ್ಮ ಬಡಾವಣೆಯಲ್ಲಿ ಪಕ್ಕದ ಮನೆಯ ಕಮಲವ್ವನವರ ಜೊತೆ ವಾಕ್ ಹೊರಟಿದ್ದಳು. ಮುಂದೆ ಹೆಜ್ಜೆ ಇಡಲಾಗದೆ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು.

ನೋವು ಹೊಸದಲ್ಲ. ಎಂಟು ತಿಂಗಳಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಿತ್ತು. ಅವಳ ಚಿಕ್ಕಮ್ಮ ಅಂಡಾಶಯದ ಕ್ಯಾನ್ಸರಿನಿಂದ ನಲವತ್ತಕ್ಕೇ ತೀರಿಕೊಂಡಿದ್ದರು; ಅದೂ ಹೀಗೇ ಶುರುವಾಗಿತ್ತು. ಅದೇ ಎಂಟು ತಿಂಗಳಿಂದ ಅವಳು ಮತ್ತು ಗಂಡ ಆಶ್ರಿತ್ ಮಗುವಿಗಾಗಿ ಪ್ರಯತ್ನಿಸುತ್ತಿದ್ದರು. ಎಲ್ಲೋ ಓದಿದಂತೆ ಪ್ರತಿ ಸಲವೂ ಮುಟ್ಟಾದ ಹದಿನಾಲ್ಕನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೂ ಏನೂ ಆಗಿರಲಿಲ್ಲ. ಎರಡನ್ನೂ ಸೇರಿಸಿ ನೋಡಿ, ತನಗೂ ಅದೇ ಕಾಯಿಲೆ ಎಂದು ಅವಳು ಒಳಗೊಳಗೇ ನಂಬಿಬಿಟ್ಟಿದ್ದಳು. ಆಶ್ರಿತ್‌ಗೂ ಹೇಳಿರಲಿಲ್ಲ.

ಪಕ್ಕದ ಮನೆಯಲ್ಲಿದ್ದ ಮಗಳನ್ನು ನೋಡಲು ಊರಿನಿಂದ ಬಂದಿದ್ದ ಕಮಲವ್ವ ಗದಗಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು.

“ಎಲ್ಲಿ ನೋಯಾಕತ್ತದ, ಬೆರಳಿಟ್ಟು ತೋರ್ಸು. ಜ್ವರ, ವಾಂತಿ ಏನರ?”

“ಇಲ್ಲ ಆಂಟಿ. ಒಂದೆರಡು ಗಂಟೆ ಇದ್ದು ಹೋಗತ್ತೆ.”

“ಮುಟ್ಟಾಗಿ ಎಷ್ಟ್ ದಿನ ಆತು?”

ವಸುಧಾ ಎಣಿಸಿದಳು. “ಇಪ್ಪತ್ತೊಂದು. ನಂಗೆ ಯಾವಾಗ್ಲೂ ಮೂವತ್ತೈದು ದಿನಕ್ಕೆ ಆಗೋದು.”

ಕಮಲವ್ವ ದನಿ ತಗ್ಗಿಸಿದರು. “ನಿನ್ನಿ ಮೊನ್ನಿ ಬಿಳಿ ಹೋಗಿತ್ತೇನು? ಲೋಳೆಸರದ ತಿರುಳಿನ್ಹಂಗ, ಜಗ್ಗಿದ್ರ ದಾರದ್ಹಂಗ?”

“ಹೌದು. ಇನ್ಫೆಕ್ಷನ್ ಅಂದ್ಕೊಂಡಿದ್ದೆ.”

“ತುರಿಕಿ, ವಾಸನಿ?”

“ಇಲ್ಲ.”

“ಹಂಗಾರ ಇನ್ಫೆಕ್ಷನ್ ಇರಲಿಕ್ಕಿಲ್ಲವ್ವಾ. ಮೈ ಬಸಿರಿಗೆ ತಯಾರಾಗೋ ಗುರ್ತು ಅದು. ಅಂಡಾಣು ಹೊರಗ ಬರೂ ಹೊತ್ತಿಗೆ ಕೆಲವ್ರಿಗೆ ಹಿಂಗ ಚುಚ್ಚತದ. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದ್ಲ ಅದು ಆಗೋದು. ನಿನಗ ಹದಿನಾಲ್ಕಲ್ಲ, ಇಪ್ಪತ್ತೊಂದು. ಆದ್ರ ಬಲಗಡಿ ನೋವು, ಅಪೆಂಡಿಕ್ಸೂ ಇರಬಹುದು. ನನ್ನ ಅಂದಾಜು ನಂಬಿ ಕೂಡಬ್ಯಾಡ. ಗಂಡಗ ಫೋನ್ ಹಚ್ಚು.”

ಆಬರ್ನ್ ಹಿಲ್ಸ್‌ನ ಆಫೀಸಿನಲ್ಲಿದ್ದ ಆಶ್ರಿತ್ ಮೀಟಿಂಗ್ ಬಿಟ್ಟು ಓಡಿಬಂದ. ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ವಸುಧಾ ಚಿಕ್ಕಮ್ಮನ ವಿಷಯದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು.

“ಎಂಟು ತಿಂಗಳು ಒಬ್ಳೇ ಇದನ್ನ ಇಟ್ಕೊಂಡಿದ್ಯಾ?” ಎಂದ ಅವನು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಳು.

ಸ್ಕ್ಯಾನ್ ಮಾಡಿದ ಡಾಕ್ಟರ್ ಪರದೆಯನ್ನು ಅವರತ್ತ ತಿರುಗಿಸಿದರು. ಬಲ ಅಂಡಾಶಯದಿಂದ ಅಂಡಾಣು ಆಗಷ್ಟೇ ಹೊರಬಂದಿತ್ತು. ಪಕ್ಕದಲ್ಲಿ ಒಂದಿಷ್ಟು ದ್ರವ ಕಾಣುತ್ತಿತ್ತು. ನೋವು ಅದರದೇ. ಗಡ್ಡೆಯಿಲ್ಲ, ಅಪೆಂಡಿಕ್ಸೂ ಸರಿಯಾಗಿತ್ತು. ವಸುಧಾ ಮೂರು ಸಲ ಕೇಳಿದಳು. ಡಾಕ್ಟರ್ ಮೂರು ಸಲವೂ ತಾಳ್ಮೆಯಿಂದ ಇಲ್ಲವೆಂದರು. ಗರ್ಭ ನಿಲ್ಲುವ ಸಾಧ್ಯತೆ ಅಂಡಾಣು ಬರುವ ಮುಂಚಿನ ಐದು ದಿನ ಮತ್ತು ಆ ದಿನ ಮಾತ್ರ ಎಂದು ವಿವರಿಸಿದರು. ಲೋಳೆಯಂತೆ ಬಿಳಿ ಕಂಡಾಗಲೇ ಆ ದಿನಗಳು ಶುರುವಾದವೆಂದು ತಿಳಿಯಬೇಕು. ವರ್ಷ ಕಳೆದರೂ ಆಗದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿ ಕಳಿಸಿದರು.

ಪಾರ್ಕಿಂಗ್ ಲಾಟಿನಲ್ಲಿ ವಸುಧಾ ಬಿಕ್ಕಿಬಿಕ್ಕಿ ಅತ್ತಳು. ಆಶ್ರಿತ್ ಅವಳ ಬೆನ್ನು ಸವರುತ್ತಾ, “ಅಂದ್ರೆ ಪ್ರತಿ ತಿಂಗಳೂ ಒಂದು ವಾರ ಮುಂಚೆ ಸ್ಟೇಷನ್ನಿಗೆ ಹೋಗಿ, ರೈಲೇ ಇಲ್ಲ ಅಂತ ವಾಪಸ್ ಬರ್ತಿದ್ವಿ,” ಎಂದ. ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು.

ಗರ್ಭ ನಿಂತದ್ದು ಅದಾದ ಮೂರನೇ ತಿಂಗಳಲ್ಲಿ. ಅಷ್ಟರಲ್ಲಿ ಕಮಲವ್ವ ಗದಗಿಗೆ ಮರಳಿದ್ದರು. ವಿಡಿಯೋ ಕಾಲ್‌ನಲ್ಲಿ ಸುದ್ದಿ ಕೇಳಿ, “ಭಾಳ ಛಲೋ ಆತು,” ಎಂದು ಕಣ್ಣೊರೆಸಿಕೊಂಡವರು ಮರುಕ್ಷಣವೇ ಗದರಿದರು. “ಇನ್ನ ಮ್ಯಾಲ ಏನರ ನೋವು ಬಂದ್ರ ಮುಚ್ಚಿಡಬ್ಯಾಡ ಮತ್ತ.”

“ಇಲ್ಲ ಆಂಟಿ, ಹೇಳ್ತೀನಿ,” ಎಂದಳು ವಸುಧಾ. ಆಶ್ರಿತ್ ಆಗಲೇ ಸುದ್ದಿ ಹೇಳಲು ಮೈಸೂರಿನಲ್ಲಿದ್ದ ತನ್ನ ಅಮ್ಮನಿಗೆ ಫೋನ್ ಮಾಡುತ್ತಿದ್ದ.