ಮೊದಲ ಸಾಲಿನ ಮಕ್ಕಳು

ಮೂರನೆಯ ಹುಡುಗನೂ ತಡವರಿಸದೆ ಉರ್ದುವಿನಲ್ಲಿ ಉತ್ತರ ಹೇಳಿಬಿಟ್ಟಾಗ ಅಮರಪ್ಪ ಮಾಸ್ತರರ ಎದೆ ಧಸಕ್ಕೆಂದಿತು. ಬೇರೆ ಮಾಸ್ತರನಾಗಿದ್ದರೆ ಮೀಸೆ ತಿರುವಿಕೊಳ್ಳುತ್ತಿದ್ದ. ಇವರ ಪಾಡೇ ಬೇರೆ. ನಿಜಾಮರ ಸೀಮೆಯ ಸಾಲೆಯಲ್ಲಿ ಪಾಠವೆಲ್ಲ ಉರ್ದು, ಯಲಬುರ್ಗಾದ ಈ ಮಕ್ಕಳ ಮನೆಮಾತು ಕನ್ನಡ. ಮೊದಲೆರಡು ವರ್ಷವಾದರೂ ಕನ್ನಡದಲ್ಲಿ ಕಲಿಸಲು ಅಪ್ಪಣೆ ಬೇಕೆಂದು ಅರ್ಜಿ ಹಿಡಿದು, ಶಾಸನಸಭೆಯ ಮೆಂಬರ್ ಸಾಹೇಬರನ್ನು ಕಾಡಿ ಬೇಡಿ ಸಾಲೆಗೆ ಕರೆಸಿದವರು ಅವರೇ. ಆ ಅರ್ಜಿಯನ್ನು ಚೆಂದದ ಉರ್ದುವಿನಲ್ಲಿ ಬರೆದುಕೊಟ್ಟವರು ಜೊತೆಯ ಮಾಸ್ತರ ಖಾಜಾಸಾಬರು.

ಸಾಹೇಬರು ಗಂಗಾವತಿ ಕಡೆಯವರು. "ಮಕ್ಕಳಿಗೆ ಉರ್ದು ಭಾಳ ಛಲೋ ಬರತೈತಲ್ಲ ಮಾಸ್ತರ, ಮತ್ತ ಈ ಅರ್ಜಿ ಯಾಕ?" ಎಂದರು.

ಅಮರಪ್ಪನವರು ತಾವೇ ತೋಡಿದ ಗುಂಡಿಗೆ ತಾವೇ ಬಿದ್ದಿದ್ದರು. ವರ್ಷಕ್ಕೊಮ್ಮೆ ಬರುವ ಇನ್ಸ್‌ಪೆಕ್ಟರರು ತನಿಖೆ ವಹಿ ತೆರೆದು ಅದರಲ್ಲಿದ್ದ ಪ್ರಶ್ನೆಗಳನ್ನೇ ವರಸೆ ಹಿಡಿದು ಕೇಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದೇ ಉತ್ತರ ಉರು ಹೊಡೆಸಿ, ಅದೇ ವರಸೆಯಲ್ಲಿ ಕೂರಿಸುವುದು ಇವರ ಎಂಟು ವರ್ಷದ ರೂಢಿ. ಇವತ್ತು ಹಾಗೆ ಕೂರಿರೆಂದು ಹೇಳಿರಲಿಲ್ಲ. ಕೋಟು ಹಾಕಿದವರನ್ನು ಕಂಡದ್ದೇ ತಡ, ಮಕ್ಕಳು ತಾವಾಗಿಯೇ ಅವರವರ ಜಾಗ ಹಿಡಿದಿದ್ದವು. ಸಾಹೇಬರ ಕೈಗೂ ಅದೇ ವಹಿ ಸಿಕ್ಕಿತ್ತು. ಬಾಯಿಬಿಟ್ಟರೆ ನೌಕರಿಗೆ ಸಂಚಕಾರ, ಸುಮ್ಮನಿದ್ದರೆ ಅರ್ಜಿ ಕಸದ ಪಾಲು.

"ಸಾಹೇಬ್ರ, ಜಾಗಾ ಬದಲ ಮಾಡಿಸಿ ಕೇಳ್ರಿ" ಎಂದರು.

ಪಕ್ಕದಲ್ಲಿ ನಿಂತಿದ್ದ ಖಾಜಾಸಾಬರು ಅವರ ತೋಳು ಜಗ್ಗಿದರು. "ತಲಿ ಕೆಟ್ಟೈತೇನ್ರಿ? ನೌಕರಿ ಹೋಗತೈತಿ."

"ಹೋದ್ರ ಹೋಗ್ಲಿ ಬಿಡ್ರಿ."

ಕೊನೆಯಲ್ಲಿದ್ದ ದುರುಗವ್ವ ಮೊದಲ ಜಾಗಕ್ಕೆ ಬಂದಳು. ನಿನ್ನ ತಂದೆಯ ಹೆಸರೇನೆಂದು ಸಾಹೇಬರು ಉರ್ದುವಿನಲ್ಲಿ ಕೇಳಿದರು. ದುರುಗವ್ವ ಕೈಕಟ್ಟಿ, ಗಟ್ಟಿ ದನಿಯಲ್ಲಿ "ಹಿಮಾಲಯ" ಎಂದಳು. ವಾರಕ್ಕೆ ಎಷ್ಟು ದಿನ ಎಂದರೆ ಪಕ್ಕದವನು "ಹೈದರಾಬಾದ್" ಎಂದ. ಒಂದು ಮಗುವೂ ನಗಲಿಲ್ಲ. ನಗುವಂಥದ್ದೆಂದು ಅವಕ್ಕೆ ತಿಳಿದಿದ್ದರೆ ತಾನೆ!

ಅಮರಪ್ಪನವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಈ ಕಳ್ಳಾಟ ಕಲಿಸಿದಾಂವ ನಾನರಿ. ನನಗೇನರ ಮಾಡ್ರಿ, ಇವಕ್ಕ ತಿಳಿಯೋ ಮಾತಿನ್ಯಾಗ ಕಲಿಸಾಕ ಬಿಡ್ರಿ."

"ಈ ಕಳ್ಳಾಟ ನಾನೂ ಕಲಿಸೇನ್ರಿ" ಎಂದು ಖಾಜಾಸಾಬರು ಮುಂದೆ ಬಂದರು. "ನನ್ನ ಹೆಸರೂ ಬರಕೊಳ್ರಿ."

ಸಾಹೇಬರು ಏನನ್ನೂ ಬರೆದುಕೊಳ್ಳಲಿಲ್ಲ. ವಹಿ ಮುಚ್ಚಿ, ದುರುಗವ್ವನ ಎದುರಿಗೆ ಚಾಪೆಯ ಮೇಲೆ ಕುಳಿತು, "ನಿಮ್ಮಪ್ಪನ ಹೆಸರೇನವಾ?" ಎಂದು ಕೇಳಿದರು.

ಅವಳು ಮಾಸ್ತರರ ಮುಖ ನೋಡಿದಳು. ಮಾಸ್ತರರು ಗೋಣು ಹಾಕಿದರು.

"ಮಾರೆಪ್ಪರಿ. ಹೊಲಕ್ಕ ಹೋಗ್ಯಾನ್ರಿ. ನಮ್ಮ ಎಮ್ಮಿ ನಿನ್ನೆ ಈದೈತ್ರಿ, ಹೆಣ್ಣು ಕರಾ ರೀ, ಹಣಿ ಮ್ಯಾಲ ಬಿಳಿ ಬೊಟ್ಟೈತ್ರಿ…"

ಹೊರಗೆ ಮೋಟಾರಿನವನು ಎರಡು ಸಲ ಹಾರ್ನ್ ಬಾರಿಸಿದ. ಸಾಹೇಬರು ಕೋಟಿನ ಗುಂಡಿ ಬಿಚ್ಚಿ ಚಕ್ಕಳಮಕ್ಕಳ ಹಾಕಿಕೊಂಡರು.

"ಹೂಂ, ಆಮ್ಯಾಲ?" ಎಂದರು.